ಔಷಧಿ ಅಂಗಡಿಯಲ್ಲಿ ಮಕ್ಕಳ ಲಸಿಕೆ: ಅಧಿಕಾರ ಯಾರಿಗೆ, ಹೊಣೆ ಯಾರದು?

ಬೆಂಗಳೂರು ದಕ್ಷಿಣದ ಚಿಕ್ಕಲಸಂದ್ರದಲ್ಲಿ ಮೆಡಿಕಲ್ ಶಾಪ್ ಹುಡುಕುವುದಕ್ಕೆ ಯಾರನ್ನೂ ವಿಚಾರಿಸಬೇಕಾಗಿಲ್ಲ. ಉತ್ತರಹಳ್ಳಿ ಮುಖ್ಯರಸ್ತೆಯುದ್ದಕ್ಕೂ, ಪಕ್ಕದ ಗೌಡನಪಾಳ್ಯದ ಓಣಿಗಳಲ್ಲಿಯೂ, ಸ್ವಲ್ಪ ದೂರದ ಯಾರಬ್ ನಗರ, ಇಲಿಯಾಸ್ ನಗರಗಳ ತಿರುವುಗಳಲ್ಲಿಯೂ ಹಸಿರು ಶಿಲುಬೆಯ ಫಲಕಗಳು ಕಣ್ಣಿಗೆ ಬೀಳುತ್ತವೆ. ಆದರೆ ಸರಕಾರಿ ಆರೋಗ್ಯ ಕೇಂದ್ರ ಎಲ್ಲಿದೆ, ಅದು ಯಾವ ದಿನ ಮಕ್ಕಳಿಗೆ ಲಸಿಕೆ ಹಾಕುತ್ತದೆ ಎಂದು ಕೇಳಿದರೆ ಅನೇಕ ಮನೆಗಳಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ. ಹೀಗಿರುವಾಗ ಹತ್ತು ವರ್ಷ ತುಂಬಿದ ಮಗನ ಕೈಹಿಡಿದು ಬಂದ ತಾಯಿ ಅಂಗಡಿಯ ಕಟ್ಟೆಯ ಮುಂದೆ ನಿಂತು, "ಭಾಯ್, ಶಾಲೆಯಲ್ಲಿ ಧನುರ್ವಾಯುವಿನ ಸೂಜಿ ತಪ್ಪಿಹೋಯಿತು, ನೀವೇ ಹಾಕಿಬಿಡಿ" ಎಂದು ಕೇಳಿದರೆ ಅದರಲ್ಲಿ ಆಶ್ಚರ್ಯವೇನಿದೆ? ಜ್ವರಕ್ಕೆ ಗುಳಿಗೆ ಕೊಡುವವನು, ಗಾಯಕ್ಕೆ ಪಟ್ಟಿ ಕಟ್ಟುವವನು, ಸಾಲಕ್ಕೂ ಔಷಧಿ ಕೊಡುವವನು ಅವನೇ ಅಲ್ಲವೇ?

ಕಾನೂನಿನ ಉತ್ತರ ಸ್ಪಷ್ಟ. ಹಾಕುವಂತಿಲ್ಲ. ಭಾರತದಲ್ಲಿ ಔಷಧಿ ವಿತರಕರ ವೃತ್ತಿಯನ್ನು ನಿಯಂತ್ರಿಸುವುದು 1948ರ ಫಾರ್ಮಸಿ ಕಾಯ್ದೆ. ವೈದ್ಯರ ಚೀಟಿಯ ಪ್ರಕಾರ ಔಷಧಿಯನ್ನು ಸಿದ್ಧಪಡಿಸಿ ವಿತರಿಸುವ ಹಕ್ಕು ನೋಂದಾಯಿತ ಫಾರ್ಮಾಸಿಸ್ಟ್‌ಗೆ ಮಾತ್ರ ಸೇರಿದ್ದು ಎಂದು ಅದರ 42ನೆಯ ಕಲಮು ಹೇಳುತ್ತದೆ. 2015ರ ಫಾರ್ಮಸಿ ವೃತ್ತಿ ನಿಯಮಾವಳಿ ಒಂದು ಹೆಜ್ಜೆ ಮುಂದೆ ಹೋಗಿ, ರೋಗಿಗೆ ಔಷಧಿಯ ಬಗ್ಗೆ ತಿಳಿವಳಿಕೆ ಕೊಡುವುದೂ ಅವರ ಕರ್ತವ್ಯವೆಂದು ಸಾರಿತು. ಆದರೆ ಸೂಜಿ ಚುಚ್ಚುವ ಅಧಿಕಾರವನ್ನು ಈ ಎರಡರಲ್ಲಿ ಯಾವುದೂ ಕೊಟ್ಟಿಲ್ಲ. ಲಸಿಕೆಯನ್ನು ಮಾರುವುದಕ್ಕೆ ಪ್ರತ್ಯೇಕ ಪರವಾನಿಗೆಯಿದೆ. ಅದನ್ನು ಪಡೆದ ಅಂಗಡಿ ಲಸಿಕೆಯ ಶೀಶೆಯನ್ನು ಫ್ರಿಜ್‌ನಲ್ಲಿಟ್ಟು ಮಾರಬಹುದು, ಮಗುವಿನ ತೋಳಿಗೆ ಕೊಡುವಂತಿಲ್ಲ. ಅಂಗಡಿಯ ಹಿಂಬದಿಯಲ್ಲಿ ಪರದೆ ಕಟ್ಟಿ ಚುಚ್ಚುಮದ್ದು ನೀಡುವುದು ಚಿಕಿತ್ಸಾಲಯ ನಡೆಸಿದಂತೆ. ಕರ್ನಾಟಕದಲ್ಲಿ ಅಂಥ ಚಿಕಿತ್ಸಾಲಯಕ್ಕೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು.

ಹಾಗಾದರೆ ನಮ್ಮ ಮೊಹಲ್ಲಾಗಳಲ್ಲಿ ನಡೆಯುತ್ತಿರುವುದೇನು? ಪರದೆಯ ಹಿಂದೆ ಏನು ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಕಾನೂನು ಬೇಡವೆನ್ನುತ್ತದೆ, ಅಗತ್ಯ ಬೇಕೆನ್ನುತ್ತದೆ, ಇವೆರಡರ ನಡುವೆ ಸೂಜಿ ಕದ್ದುಮುಚ್ಚಿ ಕೆಲಸ ಮಾಡುತ್ತದೆ. ಈ ಗುಟ್ಟಿನ ವ್ಯವಹಾರವನ್ನು ಬಯಲಿಗೆ ತಂದು, ಅರ್ಹನಾದ ಫಾರ್ಮಾಸಿಸ್ಟ್‌ಗೆ ಮಕ್ಕಳಿಗೆ ಲಸಿಕೆ ಹಾಕುವ ಅಧಿಕಾರವನ್ನು ಕಾನೂನಿನ ಮೂಲಕ ಕೊಡಬೇಕೇ, ಕೊಟ್ಟರೆ ಯಾವ ಷರತ್ತಿನ ಮೇಲೆ ಎಂಬ ಪ್ರಶ್ನೆಯನ್ನು ಸಮುದಾಯ ಗಂಭೀರವಾಗಿ ಎತ್ತಿಕೊಳ್ಳಬೇಕಾದ ಕಾಲ ಬಂದಿದೆ.

ಇದು ಯಾರೋ ವಿದೇಶದಿಂದ ತಂದ ಕಲ್ಪನೆ ಎಂದು ತಳ್ಳಿಹಾಕುವಂತಿಲ್ಲ. ಕೋವಿಡ್ ಲಸಿಕಾಕರಣಕ್ಕಾಗಿ 2020ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವೇ ಹೊರಡಿಸಿದ ಕಾರ್ಯಾಚರಣೆ ಮಾರ್ಗಸೂಚಿಯಲ್ಲಿ, ಲಸಿಕೆ ಹಾಕಬಲ್ಲವರ ಪಟ್ಟಿಯಲ್ಲಿ ವೈದ್ಯರು, ದಂತವೈದ್ಯರು, ಶುಶ್ರೂಷಕಿಯರು, ಆರೋಗ್ಯ ಸಹಾಯಕಿಯರ ಜೊತೆಗೆ ಫಾರ್ಮಾಸಿಸ್ಟರ ಹೆಸರೂ ಇತ್ತು. 2022ರ ಜನವರಿ 3ರಂದು 15ರಿಂದ 18ರ ವಯಸ್ಸಿನವರಿಗೂ, ಮಾರ್ಚ್ 16ರಿಂದ 12 ದಾಟಿದ ಮಕ್ಕಳಿಗೂ ಆ ಅಭಿಯಾನ ವಿಸ್ತರಿಸಿತು. ಅಂದರೆ ಆಪತ್ತು ಬಂದಾಗ ಫಾರ್ಮಾಸಿಸ್ಟರ ಕೈ ಅರ್ಹ, ಆಪತ್ತು ಕಳೆದೊಡನೆ ಅದೇ ಕೈ ಅನರ್ಹ! ಈ ತರ್ಕವನ್ನು ಯಾರಾದರೂ ವಿವರಿಸಬೇಕು.

ಅಮೆರಿಕ ಸರಕಾರವು 2020ರ ಆಗಸ್ಟಿನಲ್ಲಿ 3ರಿಂದ 18 ವರ್ಷದ ಮಕ್ಕಳಿಗೆ ಲಸಿಕೆ ನೀಡಲು ರಾಜ್ಯ ಪರವಾನಿಗೆಯುಳ್ಳ ಫಾರ್ಮಾಸಿಸ್ಟರಿಗೆ ಅನುಮತಿಯಿತ್ತಿತು. ಲಾಕ್‌ಡೌನ್ ಕಾಲದಲ್ಲಿ ಮಕ್ಕಳ ಲಸಿಕೆಗಳು ತಪ್ಪಿಹೋಗುತ್ತಿವೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಅಲ್ಲಿನ ಮಕ್ಕಳ ತಜ್ಞರ ಸಂಘಟನೆ ಅದನ್ನು ಕಟುವಾಗಿ ವಿರೋಧಿಸಿತು. ಲಸಿಕೆಯ ನೆಪದಲ್ಲಾದರೂ ಮಗು ವೈದ್ಯರ ಬಳಿಗೆ ಬರುತ್ತದೆ, ಬೆಳವಣಿಗೆಯ ತಪಾಸಣೆಯಾಗುತ್ತದೆ, ಆ ಎಳೆ ಕಡಿದುಹೋಗಬಾರದು ಎಂಬುದು ಅವರ ಕಳವಳ. ಆದೇಶದಲ್ಲಿದ್ದ ಷರತ್ತುಗಳನ್ನು ಗಮನಿಸಬೇಕು. ಕನಿಷ್ಠ 20 ಗಂಟೆಗಳ ಮಾನ್ಯ ತರಬೇತಿ, ಹೃದಯ ನಿಂತಾಗ ಪ್ರಾಣ ಉಳಿಸುವ ಪ್ರಾಥಮಿಕ ವಿದ್ಯೆಯ ಪ್ರಮಾಣಪತ್ರ, ಹಾಕಿದ ಪ್ರತಿ ಲಸಿಕೆಯ ದಾಖಲೆ, ಮಗುವನ್ನು ವೈದ್ಯರಿಗೆ ತಪ್ಪದೆ ತೋರಿಸಬೇಕೆಂದು ಪೋಷಕರಿಗೆ ತಿಳಿಹೇಳುವ ಹೊಣೆ. ಅಧಿಕಾರದ ಜೊತೆಯಲ್ಲೇ ಹೊಣೆಯನ್ನೂ ಕಟ್ಟಿಕೊಟ್ಟಿದ್ದರು. ನಮ್ಮಲ್ಲಿ ಇಂಥ ಸುದ್ದಿ ಬಂದರೆ ಅಧಿಕಾರದ ಭಾಗ ಮಾತ್ರ ಕೇಳಿಸುತ್ತದೆ.

ಇನ್ನು ನಮ್ಮ ಮನೆಗಳಿಗೆ ಬರೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 12ರಿಂದ 23 ತಿಂಗಳ ಮಕ್ಕಳಲ್ಲಿ ಪೂರ್ಣ ಲಸಿಕೆ ಪಡೆದವರು 2015-16ರಲ್ಲಿ ಶೇಕಡಾ 62.6 ಇದ್ದವರು 2019-21ರಲ್ಲಿ 84.1ಕ್ಕೆ ಏರಿದರು. ದೊಡ್ಡ ಸಾಧನೆಯೇ ಸರಿ. ಅದರ ಬಹುಪಾಲು ಶ್ರೇಯ ಆಶಾ ಕಾರ್ಯಕರ್ತೆಯರ ಸವೆದ ಚಪ್ಪಲಿಗೆ ಸೇರಬೇಕು. ಆದರೂ ನೂರರಲ್ಲಿ ಹದಿನಾರು ಮಕ್ಕಳು ಹೊರಗುಳಿದರು. ನಗರದಲ್ಲಿ ಹೊರಗುಳಿಯುವವರು ಯಾರೆಂದು ಊಹಿಸುವುದು ಕಷ್ಟವಲ್ಲ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋಗುವವರು, ತಾಯಿ ಕಾರ್ಡ್ ಕಳೆದುಕೊಂಡವರು, ದಿನಗೂಲಿ ಬಿಟ್ಟರೆ ಸಂಜೆಯ ಒಲೆ ಹೊತ್ತದವರು. ಆರೋಗ್ಯ ಕೇಂದ್ರದಲ್ಲಿ ಲಸಿಕೆಗೆ ನಿಗದಿತ ದಿನವೊಂದಿರುತ್ತದೆ, ಸಾಮಾನ್ಯವಾಗಿ ಗುರುವಾರ, ಅದೂ ಬೆಳಗಿನ ಹೊತ್ತು. ಗಾರ್ಮೆಂಟ್ಸ್‌ಗೆ ಹೋಗುವ ತಾಯಿಗೆ, ಗ್ಯಾರೇಜಿನಲ್ಲಿ ದುಡಿಯುವ ತಂದೆಗೆ ಆ ಗುರುವಾರ ಅರ್ಧ ದಿನದ ಸಂಬಳ.

ರಜೆ ಹಾಕಿ ಹೋದರೂ ಒಮ್ಮೊಮ್ಮೆ ಮರಳಿ ಬರಬೇಕಾಗುತ್ತದೆ. ದಡಾರ-ರುಬೆಲ್ಲಾ ಲಸಿಕೆ, ಬಿಸಿಜಿ ಲಸಿಕೆಗಳು ಹಲವು ಮಕ್ಕಳಿಗಾಗುವ ಶೀಶೆಗಳಲ್ಲಿ ಪುಡಿಯ ರೂಪದಲ್ಲಿ ಬರುತ್ತವೆ. ದ್ರಾವಣ ಬೆರೆಸಿದ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಆದ್ದರಿಂದ ಒಂದು ಮಗುವಿಗಾಗಿ ಶೀಶೆ ಒಡೆಯಲು ಸಿಬ್ಬಂದಿ ಹಿಂಜರಿಯುತ್ತಾರೆ. ಒಂದೇ ಮಗು ಬಂದರೂ ತೆರೆಯಿರಿ ಎಂದು ನಿಯಮವಿದ್ದರೂ, "ಇನ್ನೂ ನಾಲ್ಕು ಮಕ್ಕಳು ಸೇರಲಿ, ಮುಂದಿನ ವಾರ ಬನ್ನಿ" ಎಂಬ ಮಾತು ಕೇಳಿಬರುತ್ತದೆ. ಮುಂದಿನ ವಾರ ಆ ತಾಯಿ ಬರುವುದಿಲ್ಲ. ಆಗ ನಾವು ಅವಳನ್ನು ಅಜ್ಞಾನಿ ಎನ್ನುತ್ತೇವೆ.

ನಮ್ಮಲ್ಲಿ ಅಜ್ಞಾನವೇ ಇಲ್ಲವೆಂದಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ ಮತ್ತು ಲಕ್ಷದ್ವೀಪಗಳಲ್ಲಿ ದಡಾರ-ರುಬೆಲ್ಲಾ ಅಭಿಯಾನ ಆರಂಭವಾದಾಗ, ಮಕ್ಕಳಾಗದಂತೆ ಮಾಡುವ ಸೂಜಿಯಿದು ಎಂಬ ವಾಟ್ಸಾಪ್ ಸಂದೇಶವನ್ನು ನಮ್ಮ ವಿದ್ಯಾವಂತರೇ ಒಬ್ಬರಿಂದ ಒಬ್ಬರಿಗೆ ಕಳುಹಿಸಿದರು. ಅದರ ಹಿಂದಿನ ವರ್ಷವಷ್ಟೇ ಕೇರಳದ ಮಲಪ್ಪುರಂನಲ್ಲಿ ಗಂಟಲುಮಾರಿ ಮರಳಿ ಬಂದು ಲಸಿಕೆ ಪಡೆಯದ ಮಕ್ಕಳನ್ನು ಬಲಿ ತೆಗೆದುಕೊಂಡಿತ್ತು. 2022ರ ಕೊನೆಯಲ್ಲಿ ಮುಂಬೈಯ ಗೋವಂಡಿಯಲ್ಲಿ ದಡಾರ ಹಬ್ಬಿದಾಗ ಸತ್ತ ಮಕ್ಕಳೂ ನಮ್ಮವೇ. ದೇಶದಲ್ಲಿ 2011ರ ಜನವರಿಯ ನಂತರ ಪೋಲಿಯೊ ಪ್ರಕರಣ ಕಾಣಿಸದಂತಾದುದರ ಹಿಂದೆ ಉತ್ತರ ಪ್ರದೇಶದ ಮೊಹಲ್ಲಾಗಳಲ್ಲಿ ಮನೆಮನೆಗೆ ಹೋದ ಇಮಾಮರ ದುಡಿಮೆಯೂ, ಅಲೀಗಢ ಮುಸ್ಲಿಮ್ ವಿಶ್ವವಿದ್ಯಾಲಯ ಮತ್ತು ಜಾಮಿಯಾ ಮಿಲ್ಲಿಯಾಗಳ ಸಹಕಾರವೂ ಇದೆ ಎಂಬುದನ್ನು ಈ ಸಂದೇಶ ಹರಡುವವರು ಓದಿರುವುದಿಲ್ಲ.

ಆದರೆ ಅಪನಂಬಿಕೆಗೆ ಇನ್ನೊಂದು ಬೇರೂ ಇದೆ, ಅದನ್ನು ಬಿತ್ತಿದವರು ನಾವಲ್ಲ. ಪೌರತ್ವ ತಿದ್ದುಪಡಿ ಕಾಯ್ದೆ ಮತ್ತು ಜನಸಂಖ್ಯಾ ನೋಂದಣಿಯ ಭೀತಿ ಆವರಿಸಿದ್ದ 2019-20ರ ದಿನಗಳಲ್ಲಿ, ಬಾಗಿಲಿಗೆ ಬಂದು ಹೆಸರು ಕೇಳಿದ ಆರೋಗ್ಯ ಕಾರ್ಯಕರ್ತೆಯೂ ಅನುಮಾನಕ್ಕೆ ಗುರಿಯಾದಳು. 2021ರ ಮೇ ತಿಂಗಳಲ್ಲಿ, ಕೋವಿಡ್ ಉತ್ತುಂಗದಲ್ಲಿದ್ದಾಗ, ಇದೇ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅವರು ಪಾಲಿಕೆಯ ದಕ್ಷಿಣ ವಲಯದ ವಾರ್ ರೂಮಿಗೆ ಹೋಗಿ, ಇನ್ನೂರಕ್ಕೂ ಹೆಚ್ಚು ಸಿಬ್ಬಂದಿಯ ನಡುವಿನಿಂದ 17 ಮುಸ್ಲಿಮ್ ಹೆಸರುಗಳನ್ನು ಓದಿದ ದೃಶ್ಯವನ್ನು ಇಡೀ ನಾಡು ನೋಡಿತು. ಆರೋಗ್ಯ ಸೇವೆ ನೀಡುವವನ ಹೆಸರೇ ಅಪರಾಧವಾಗುವ ಕಡೆ, ಸೇವೆ ಪಡೆಯುವವನು ಅಂಜುವುದು ಸಹಜ. ಅಂಥವನಿಗೆ ಅಧಿಕಾರಿಗಿಂತ ತನ್ನ ಓಣಿಯ ಔಷಧಿ ಅಂಗಡಿಯವನ ಮಾತು ಹೆಚ್ಚು ಪ್ರಿಯ. ಫಾರ್ಮಾಸಿಸ್ಟರಿಗೆ ಅಧಿಕಾರ ಕೊಡಬೇಕೆಂಬ ವಾದದ ಅತ್ಯಂತ ಬಲವಾದ ಕಂಬ, ನನ್ನ ದೃಷ್ಟಿಯಲ್ಲಿ, ಈ ನಂಬಿಕೆ. ಸಮಯದ ಅನುಕೂಲ ಆಮೇಲಿನ ಮಾತು.

ಆದರೆ ನಂಬಿಕೆ ಒಂದೇ ಸಾಲದು. ನಂಬಿಕೆಯಿದ್ದಲ್ಲಿಯೇ ಮೋಸವೂ ಸುಲಭ.

2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲೂಕಿನ ಸಾಲಹಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ದಡಾರ-ರುಬೆಲ್ಲಾ ಚುಚ್ಚುಮದ್ದು ಪಡೆದ ಮೂರು ಹಸುಳೆಗಳು ತೀರಿಕೊಂಡವು. ಲಸಿಕೆಯನ್ನು ನಿಯಮದಂತೆ ಶೀತಲ ಪೆಟ್ಟಿಗೆಯಲ್ಲಿ ಕಾಪಾಡದೆ ಹೋಟೆಲೊಂದರ ಫ್ರಿಜ್‌ನಲ್ಲಿ ಇಡಲಾಗಿತ್ತು ಎಂಬುದು ಆಗ ಪ್ರಾಥಮಿಕ ತನಿಖೆಯಿಂದ ಹೊರಬಂದ ಮಾತು. ಶುಶ್ರೂಷಕಿಯೊಬ್ಬರನ್ನೂ ಫಾರ್ಮಾಸಿಸ್ಟ್ ಒಬ್ಬರನ್ನೂ ಅಮಾನತುಗೊಳಿಸಲಾಯಿತು. ಇದು ನಡೆದದ್ದು ಸರಕಾರದ ಕಣ್ಗಾವಲಿನ ಒಳಗೆ, ತರಬೇತಿ ಪಡೆದವರ ಕೈಯಲ್ಲಿ. ಹೀಗಿರುವಾಗ ಓಣಿಯ ಅಂಗಡಿಯ ಫ್ರಿಜ್‌ನ ಬಗ್ಗೆ ಏನು ಹೇಳೋಣ? ಲಸಿಕೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನ ನಡುವಿನ ತಂಪು ಹಗಲಿರುಳೂ ಬೇಕು. ಬಿಸಿಯಾದರೆ ಕೆಡುತ್ತದೆ ಎಂಬುದು ಎಲ್ಲರಿಗೂ ತಿಳಿದದ್ದು. ಆದರೆ ಧನುರ್ವಾಯು, ಗಂಟಲುಮಾರಿ, ಹೆಪಟೈಟಿಸ್-ಬಿ ಲಸಿಕೆಗಳು ಹೆಪ್ಪುಗಟ್ಟಿದರೂ ಕೆಡುತ್ತವೆ ಎಂಬುದು ಅನೇಕರಿಗೆ ತಿಳಿಯದು. ಮಂಜಿನ ಪೆಟ್ಟಿಗೆಗೆ ತಾಗಿಸಿ "ಚೆನ್ನಾಗಿ ತಣ್ಣಗಿರಲಿ" ಎಂದು ಇಟ್ಟ ಶೀಶೆ ಬರೀ ನೀರಿಗೆ ಸಮಾನವಾಗಬಹುದು. ವಿದ್ಯುತ್ ಹೋದ ಮಧ್ಯಾಹ್ನ, ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ ಆರಿಸುವ ರೂಢಿ, ಬಾಗಿಲ ಅಂಚಿನಲ್ಲಿ ಇನ್ಸುಲಿನ್‌ನ ಪಕ್ಕದಲ್ಲೇ ಹಾಲಿನ ಪೊಟ್ಟಣ. ಕೆಟ್ಟ ಲಸಿಕೆ ನೋಡಲು ಒಳ್ಳೆಯ ಲಸಿಕೆಯಂತೆಯೇ ಇರುತ್ತದೆ. ಚುಚ್ಚಿಸಿಕೊಂಡ ಮಗು ಅಷ್ಟೇ ಅಳುತ್ತದೆ, ತಾಯಿ ಅಷ್ಟೇ ನೆಮ್ಮದಿಯಿಂದ ಮನೆಗೆ ಹೋಗುತ್ತಾಳೆ. ಕೆಟ್ಟದ್ದೆಂದು ಗೊತ್ತಾಗುವುದು ಕಾಯಿಲೆ ಬಂದ ದಿನ.

ಲಸಿಕೆ ಹಾಕಿದ ಮೇಲೆ ಮಗುವನ್ನು ಅರ್ಧ ಗಂಟೆ ಕಣ್ಣೆದುರಿಗಿಟ್ಟುಕೊಳ್ಳಬೇಕೆಂಬುದು ನಿಯಮ. ಲಕ್ಷಕ್ಕೊಂದು ಕೂಡ ಇರಲಾರದು, ಆದರೂ ಒಂದು ಮಗುವಿಗೆ ತೀವ್ರ ಅಲರ್ಜಿಯಾಗಿ ಉಸಿರು ಕಟ್ಟಬಹುದು. ಆಗ ಅಡ್ರಿನಲಿನ್ ಕೈಗೆಟುಕುವಂತಿರಬೇಕು, ಅದರ ಪ್ರಮಾಣ ಗೊತ್ತಿರಬೇಕು, ಕೈ ನಡುಗಬಾರದು. ಪಾದಚಾರಿ ದಾರಿಗೆ ಚಾಚಿಕೊಂಡ ಎಂಟಡಿ ಅಗಲದ ಅಂಗಡಿಯಲ್ಲಿ, ಗಿರಾಕಿಗಳು ಚಿಲ್ಲರೆಗಾಗಿ ಕೂಗುತ್ತಿರುವಾಗ, ಆ ಅರ್ಧ ಗಂಟೆಯನ್ನು ಮಗು ಎಲ್ಲಿ ಕಳೆಯುತ್ತದೆ?

ಇದೆಲ್ಲಕ್ಕಿಂತ ದೊಡ್ಡ ರೋಗ ಬೇರೆಯಿದೆ. ಗೋಡೆಯ ಮೇಲೆ ಚೌಕಟ್ಟಿನಲ್ಲಿ ತೂಗುವ ನೋಂದಣಿ ಪತ್ರ ಒಬ್ಬರದು, ಕಟ್ಟೆಯ ಹಿಂದೆ ನಿಂತ ಮನುಷ್ಯ ಇನ್ನೊಬ್ಬ. ಪ್ರಮಾಣಪತ್ರವನ್ನು ತಿಂಗಳ ಬಾಡಿಗೆಗೆ ಕೊಟ್ಟು ತಾನು ಬೇರೆ ಉದ್ಯೋಗದಲ್ಲಿರುವ ಪದ್ಧತಿ ನಮ್ಮ ನಗರಗಳಲ್ಲಿ ಹೊಸದಲ್ಲ. ನೋಂದಾಯಿತ ಫಾರ್ಮಾಸಿಸ್ಟರ ಖುದ್ದು ಮೇಲ್ವಿಚಾರಣೆಯಲ್ಲೇ ಚೀಟಿಯ ಔಷಧಿ ಹೊರಹೋಗಬೇಕೆಂದು ಔಷಧ ನಿಯಮಗಳು ದಶಕಗಳಿಂದ ಹೇಳುತ್ತಿವೆ. ಔಷಧ ಪರಿವೀಕ್ಷಕರು ಬಂದ ದಿನ ಹೆಸರಿನವರು ಹಾಜರಿರುತ್ತಾರೆ, ಉಳಿದ ದಿನ ಬಿಳಿ ಕೋಟು ಮೊಳೆಗೆ ತೂಗುತ್ತಿರುತ್ತದೆ. ಇಂಥ ಸ್ಥಿತಿಯಲ್ಲಿ "ಫಾರ್ಮಾಸಿಸ್ಟರಿಗೆ ಲಸಿಕೆಯ ಅಧಿಕಾರ" ಎಂದು ಸರಕಾರ ಒಂದು ಸಾಲಿನ ಆದೇಶ ಹೊರಡಿಸಿದರೆ, ಸೂಜಿ ಹಿಡಿಯುವವನು ಎರಡು ವರ್ಷದ ಡಿಪ್ಲೊಮಾ ಓದಿದವನಲ್ಲ, ಎಸ್ಸೆಸ್ಸೆಲ್ಸಿ ನಪಾಸಾಗಿ ಅಂಗಡಿಗೆ ಸೇರಿದ ಹುಡುಗ. ಅವನ ತಪ್ಪಿಗೆ ಬಲಿಯಾಗುವುದು ಜಯನಗರದ ಮಕ್ಕಳ ಆಸ್ಪತ್ರೆಗೆ ಕಾರಿನಲ್ಲಿ ಹೋಗುವವನ ಮಗುವಲ್ಲ.

ವೈದ್ಯಶಾಸ್ತ್ರವನ್ನು ಅರಿಯದೆ ಚಿಕಿತ್ಸೆಗೆ ಕೈಹಾಕಿದವನು ಆಗುವ ಹಾನಿಗೆ ತಾನೇ ಹೊಣೆಗಾರ ಎಂಬುದು ಪ್ರವಾದಿ(ಸ)ಯವರ ನಿರ್ದೇಶ. ಅಬೂದಾವೂದ್, ಇಬ್ನುಮಾಜಃರ ಸಂಗ್ರಹಗಳಲ್ಲಿ ಇದು ದಾಖಲಾಗಿದೆ. ಇದರಿಂದ ಕರ್ಮಶಾಸ್ತ್ರಜ್ಞರು ವೈದ್ಯರ ಹೊಣೆಗಾರಿಕೆಯ ಇಡೀ ಅಧ್ಯಾಯವನ್ನೇ ಬೆಳೆಸಿದರು. ಅರ್ಹತೆಯಿದ್ದು, ಅನುಮತಿ ಪಡೆದು, ಎಚ್ಚರ ವಹಿಸಿದವನಿಗೆ ರಕ್ಷಣೆ, ಇಲ್ಲದವನಿಗೆ ದಂಡ. ಬಗ್ದಾದಿನ ಮಾರುಕಟ್ಟೆಯಲ್ಲಿ ಔಷಧಿ ಮಾರುವವರ ಅಂಗಡಿಗಳನ್ನು ಪರಿಶೀಲಿಸುವ ಕೆಲಸ ಮುಹ್ತಸಿಬ್ ಎಂಬ ಅಧಿಕಾರಿಗೆ ಸೇರಿತ್ತು. ಔಷಧಿ ವಿದ್ಯೆಯನ್ನೇ ಪ್ರತ್ಯೇಕ ಶಾಸ್ತ್ರವೆಂದು ಗಣಿಸಿ ಅಲ್‌ಬಿರೂನಿ ಒಂದು ಬೃಹತ್ ಗ್ರಂಥ ಬರೆದ. ಈ ಪರಂಪರೆಯನ್ನು ವೇದಿಕೆಯ ಮೇಲೆ ಹೊಗಳುವುದರಲ್ಲಿ ನಾವು ಮುಂದು. ನಮ್ಮದೇ ಓಣಿಯಲ್ಲಿ ನಮ್ಮವನೇ ನಡೆಸುವ ಅಂಗಡಿಯಲ್ಲಿ ಬಾಡಿಗೆ ಪ್ರಮಾಣಪತ್ರ ತೂಗುವುದು ಅಮಾನತ್ತಿಗೆ ಬಗೆದ ದ್ರೋಹ ಎಂದು ಯಾವ ಜುಮಾ ಖುತ್ಬಾದಲ್ಲಿ ಹೇಳಲಾಗಿದೆ?

ಆದ್ದರಿಂದ ಬೇಡಿಕೆ ಹೀಗಿರಬೇಕೆಂದು ನನ್ನ ಅಭಿಪ್ರಾಯ. ಅಧಿಕಾರ ಕೊಡಿ, ಅಂಗಡಿಗೆ ಬೇಡ, ವ್ಯಕ್ತಿಗೆ ಕೊಡಿ. ತರಬೇತಿ ಮುಗಿಸಿ ಪರೀಕ್ಷೆ ಪಾಸಾದ ನೋಂದಾಯಿತ ಫಾರ್ಮಾಸಿಸ್ಟ್ ತಾನೇ ಹಾಜರಿದ್ದಾಗ ಮಾತ್ರ ಅದು ಊರ್ಜಿತವಾಗಲಿ. ಎಳೆಯ ಹಸುಳೆಗಳ ಲಸಿಕೆಗಳು ಆರೋಗ್ಯ ಕೇಂದ್ರದಲ್ಲೇ ಉಳಿಯಲಿ. ಆರು, ಹತ್ತು, ಹದಿನಾಲ್ಕನೆಯ ವಾರದ ಭೇಟಿಗಳಲ್ಲಿ ಮಗುವಿನ ತೂಕ ನೋಡಬೇಕು, ತಾಯಿಯ ಹಾಲಿನ ಬಗ್ಗೆ ಕೇಳಬೇಕು, ಬಾಯಿಗೆ ಹನಿ ಹಾಕಬೇಕು, ಒಂದೇ ದಿನ ಎರಡು ಮೂರು ಕಡೆ ಚುಚ್ಚಬೇಕು. ಇದು ಅಂಗಡಿಯ ಕೆಲಸವಲ್ಲ. ಐದು ವರ್ಷ ದಾಟಿದ ಮಕ್ಕಳ ಬೂಸ್ಟರ್, ಹತ್ತು ಮತ್ತು ಹದಿನಾರನೆಯ ವಯಸ್ಸಿನ ಧನುರ್ವಾಯು-ಗಂಟಲುಮಾರಿ ಲಸಿಕೆ ಇವುಗಳಿಂದ ಆರಂಭಿಸಬಹುದು. ಶಾಲೆಗೆ ಬರುವ ತಂಡದ ಕೈಗೆ ಸಿಗದೆ ಹೋಗುವ ಮದ್ರಸಾ ಮಕ್ಕಳು, ಮನೆಯ ಮೇಲ್ಮಹಡಿಯಲ್ಲಿ ನಡೆಯುವ ಚಿಕ್ಕ ಖಾಸಗಿ ಶಾಲೆಗಳ ಮಕ್ಕಳು ಇದರಿಂದ ಸಿಕ್ಕಾರು. ಪ್ರತಿ ಲಸಿಕೆಯೂ ಯು-ವಿನ್‌ನಲ್ಲಿ ದಾಖಲಾಗಲಿ. ಹಾನಿಯಾದರೆ ಪರಿಹಾರ ಯಾರಿಂದ ಎಂಬುದು ಮೊದಲೇ ಬರೆದಿರಲಿ. ಅಮೆರಿಕವು ಮಕ್ಕಳ ಲಸಿಕೆಯಿಂದಾಗುವ ಹಾನಿಗೆ ಪರಿಹಾರ ನಿಧಿಯನ್ನು 1986ರ ಕಾಯ್ದೆಯಲ್ಲೇ ಏರ್ಪಡಿಸಿತ್ತು, ಫಾರ್ಮಾಸಿಸ್ಟರಿಗೆ ಅನುಮತಿ ಬಂದದ್ದು ಬಹಳ ಕಾಲದ ಮೇಲೆ.

ಎಲ್ಲಕ್ಕಿಂತ ಮುಖ್ಯವಾಗಿ, ಲಸಿಕೆ ಸರಕಾರದ್ದೇ ಆಗಿರಬೇಕು, ಉಚಿತವಾಗಿರಬೇಕು. ಇಲ್ಲದಿದ್ದರೆ ಇದರ ಪರಿಣಾಮ ಊಹಿಸಬಹುದು. ಅಂಗಡಿಯಲ್ಲಿ ಸಿಗುತ್ತದಲ್ಲ ಎಂದು ಸರಕಾರ ತನ್ನ ಗುರುವಾರವನ್ನೂ ಮೆಲ್ಲನೆ ಕೈಬಿಡುತ್ತದೆ. ಖಾಲಿ ಹುದ್ದೆ ಖಾಲಿಯೇ ಉಳಿಯುತ್ತದೆ. ಪುಕ್ಕಟೆ ಸಿಗುತ್ತಿದ್ದ ಲಸಿಕೆಗೆ ಬಡವ ಬಿಲ್ಲು ತೆರುತ್ತಾನೆ. 2006ರ ಸಾಚಾರ್ ವರದಿ ಮುಸ್ಲಿಮ್ ಬಡಾವಣೆಗಳಲ್ಲಿನ ಮೂಲಸೌಕರ್ಯದ ಕೊರತೆಯನ್ನು ಬಿಡಿಸಿ ಹೇಳಿತ್ತು. ಆ ಕೊರತೆಯನ್ನು ತುಂಬುವ ಬದಲು ಖಾಸಗಿ ಕಟ್ಟೆಯ ಮೇಲೆ ಹೊರಿಸುವ ಉಪಾಯವಾಗಿ ಈ ಅಧಿಕಾರ ಬಳಕೆಯಾಗುವುದಾದರೆ ಅದನ್ನು ನಾವೇ ವಿರೋಧಿಸಬೇಕು. ನಮ್ಮ ಕ್ಲಿನಿಕ್‌ಗಳನ್ನು 2022ರಲ್ಲಿ ವಾರ್ಡಿಗೊಂದರಂತೆ ಘೋಷಿಸಿದ ಸರಕಾರಕ್ಕೆ, ಅವುಗಳಲ್ಲಿ ವಾರಕ್ಕೊಂದು ಸಂಜೆಯೋ ಭಾನುವಾರವೋ ಲಸಿಕೆಗೆ ಮೀಸಲಿಡುವುದು ಅಸಾಧ್ಯವೇನೂ ಅಲ್ಲ. ಅದಕ್ಕೆ ಯಾವ ಕಾಯ್ದೆಯ ತಿದ್ದುಪಡಿಯೂ ಬೇಕಾಗಿಲ್ಲ.

ಕಾಯ್ದೆ ಕೇಂದ್ರದ್ದು, ರಾಜ್ಯ ಏನು ಮಾಡೀತು ಎಂದು ಕೆಲವರು ಕೇಳಬಹುದು. ವೈದ್ಯಕೀಯ ವೃತ್ತಿಗಳ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಸಾರ್ವಜನಿಕ ಆರೋಗ್ಯ ರಾಜ್ಯಪಟ್ಟಿಯಲ್ಲಿದೆ. ಮನಸ್ಸಿದ್ದರೆ ಕರ್ನಾಟಕವೇ ಕೆಲವು ಬಡಾವಣೆಗಳಲ್ಲಿ ಪ್ರಯೋಗಕ್ಕೆ ಇಳಿಯಬಹುದು.

ಕೊನೆಯದಾಗಿ ನಮ್ಮ ಹೆಣ್ಣುಮಕ್ಕಳ ಮಾತು. ಡಾ. ಮುಮ್ತಾಝ್ ಅಹ್ಮದ್ ಖಾನ್ ಅವರು 1966ರಲ್ಲಿ ಕಟ್ಟಿದ ಅಲ್‌ಅಮೀನ್ ಸಂಸ್ಥೆಗೆ ಬೆಂಗಳೂರಿನಲ್ಲಿ ತನ್ನದೇ ಫಾರ್ಮಸಿ ಕಾಲೇಜಿದೆ. ಇಂಥ ಕಾಲೇಜುಗಳಲ್ಲಿ ಓದುವ ನಮ್ಮ ಹುಡುಗಿಯರಲ್ಲಿ ಎಷ್ಟು ಮಂದಿ ಮದುವೆಯ ನಂತರ ಆ ಪದವಿಯನ್ನು ಬೀರುವಿಗೆ ಸೇರಿಸಿಬಿಡುತ್ತಾರೆ? ಹದಿನಾರರ ಮಗಳನ್ನು ಲಸಿಕೆಗೆ ಕರೆದೊಯ್ಯಲು ಸಂಕೋಚಪಡುವ ತಾಯಿಗೆ, ಎದುರಿಗೆ ಕುಳಿತವಳು ತನ್ನ ಮೊಹಲ್ಲಾದ ಹೆಣ್ಣುಮಗಳಾದರೆ ಮಾತು ಎಷ್ಟು ಸಲೀಸು! ಅಧಿಕಾರ ಬರುವ ತನಕ ಅವರು ಕಾಯಬೇಕಾಗಿಯೂ ಇಲ್ಲ. ಯಾವ ಮಗುವಿಗೆ ಯಾವ ಲಸಿಕೆ ಬಾಕಿಯಿದೆ ಎಂದು ಕಾರ್ಡ್ ನೋಡಿ ಹೇಳುವುದಕ್ಕೆ, ವಾಟ್ಸಾಪ್ ಸಂದೇಶದ ಸುಳ್ಳನ್ನು ಬಿಡಿಸಿ ಹೇಳುವುದಕ್ಕೆ ಯಾವ ಕಾನೂನೂ ಅಡ್ಡಿಯಿಲ್ಲ. ಚಿಕ್ಕಲಸಂದ್ರದ ಆಸುಪಾಸಿನ ಮಸೀದಿ ಜಮಾಅತ್‌ಗಳು ತಮ್ಮ ಒಂದು ಕೊಠಡಿಯನ್ನು ತಿಂಗಳಿಗೊಂದು ಭಾನುವಾರ ಇದಕ್ಕಾಗಿ ಬಿಟ್ಟುಕೊಡಲಿ. ಆ ದಿನ ಲಸಿಕಾ ತಂಡವನ್ನು ಅಲ್ಲಿಗೇ ಕಳುಹಿಸುವಂತೆ ಪಾಲಿಕೆಯ ಆರೋಗ್ಯಾಧಿಕಾರಿಗೆ ಲಿಖಿತ ಅರ್ಜಿ ಸಲ್ಲಿಸಲಿ. ಜೊತೆಯಲ್ಲೇ ತಮ್ಮ ಓಣಿಯ ಔಷಧಿ ಅಂಗಡಿಗೆ ಹೋಗಿ, ಗೋಡೆಯ ಮೇಲಿನ ಪ್ರಮಾಣಪತ್ರದ ಹೆಸರಿನವರು ಯಾರು, ಇಂದು ಅಂಗಡಿಗೆ ಬಂದಿದ್ದಾರೆಯೇ ಎಂದು ಸೌಜನ್ಯದಿಂದಲೇ ಕೇಳಿಬರಲಿ.